ಕಾಕಾನ ಹೊಟ್ಟೆ ಮತ್ತು ಇಲಾಖೆಯ ಟೇಪು

ಹುಬ್ಬಳ್ಳಿ-ಧಾರವಾಡದಲ್ಲಿ ಎಲ್ಲೇ ಬೆಂಕಿ ಬೀಳಲಿ, ಸ್ಥಳಕ್ಕೆ ಮೊದಲು ತಲುಪುವುದು ನಮ್ಮ ಕಾಕಾನ ಹೊಟ್ಟೆ. ಕಾಕಾ ಅದರ ಹಿಂದೆ ಬರುತ್ತಾರೆ! ಅಗ್ನಿಶಾಮಕ ದಳದಲ್ಲಿ ಅವರದು ಇಪ್ಪತ್ತೆರಡು ವರ್ಷದ ನೌಕರಿ. ಸೇರಿದಾಗ ಹೇಗಿದ್ದರು ಎಂಬುದಕ್ಕೆ ನಡುಮನೆಯಲ್ಲಿ ಒಂದು ಫೋಟೋ ಇದೆ. ಅದನ್ನು ನೋಡಿದ ಬೀಗರೊಬ್ಬರು ಇವರು ನಿಮ್ಮ ತಮ್ಮನೋ ಎಂದು ಕೇಳಿದ್ದರು. ಕಾಕಾ ಕಿಂಚಿತ್ತೂ ಬೇಸರಿಸದೆ, ಹೌದು, ಈಗ ಊರಾಗಿಲ್ಲ ಎಂದುಬಿಟ್ಟರು.

ನಾನು ಧಾರವಾಡದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ವರ್ಗವಾಗಿ ಬಂದಾಗಿನಿಂದ ರಾಯಾಪುರದಲ್ಲಿ ಕಾಕಾ-ಕಾಕು, ಅಂದರೆ ಚಿಕ್ಕಪ್ಪ-ಚಿಕ್ಕಮ್ಮನ ಮನೆಯಲ್ಲೇ ಇದ್ದೇನೆ. ಅವರ ರೊಟ್ಟಿ ತಿಂದು ಅವರ ಹೊಟ್ಟೆಯನ್ನು ಆಡಿಕೊಳ್ಳುವುದು ನನ್ನ ದಿನಚರಿ. ಆಡಿಕೊಳ್ಳದೆ ಏನು ಮಾಡಲಿ? ಜನರು ಇವರನ್ನು ನಂಬಿ ಮೂರನೇ ಮಹಡಿಯ ಕಿಟಕಿಯಲ್ಲಿ ಕೈ ಬೀಸುತ್ತ ನಿಂತರೆ, ಇವರು ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕೂತು ದಮ್ಮು ತೆಗೆದುಕೊಳ್ಳುತ್ತಿರುತ್ತಾರೆ ಎಂದು ನಾನು ಮುಖದ ಮೇಲೇ ಹೇಳಿದ್ದೇನೆ.

ಕೊನೆಗೂ ಇಲಾಖೆಗೆ ಕಣ್ಣು ಬಂತು. ಮೂರು ತಿಂಗಳ ನಂತರ ಎಲ್ಲರ ತೂಕ, ಸೊಂಟದ ಸುತ್ತಳತೆ, ಮೈಯ ಕೊಬ್ಬು ಪರೀಕ್ಷಿಸುತ್ತಾರಂತೆ. ಅಳತೆ ಮೀರಿದವರನ್ನು ಬೆಂಕಿ ಆರಿಸುವ ಗಾಡಿಯಿಂದ ಇಳಿಸಿ ವಾಚ್ ರೂಮಿನಲ್ಲಿ ಫೋನ್ ಎತ್ತಲು ಕೂರಿಸುತ್ತಾರಂತೆ. ಆದೇಶ ಹಿಡಿದು ಬಂದ ಕಾಕಾ ಬಾಗಿಲಲ್ಲೇ ನಿಂತು, "ಏನರ ಆಗಲಿ, ಗಾಡಿ ಇಳಿಯಂಗಿಲ್ಲ ನಾ" ಅಂದರು.

"ಹಂಗಾರ ರೊಟ್ಟಿ ಇಳಸ್ರಿ" ಅಂದರು ಕಾಕು.

ರೊಟ್ಟಿ ಇಳಿಯಲಿಲ್ಲ, ಕಾಕಾ ಮಾತ್ರ ನೃಪತುಂಗ ಬೆಟ್ಟ ಏರಿದರು. ಪ್ರತಿದಿನ ಬೆಳಿಗ್ಗೆ ಹತ್ತುತ್ತಾರೆ, ತಿಂಗಳಾದರೂ ಪ್ಯಾಂಟಿನ ಗುಂಡಿ ಮೊದಲಿನಷ್ಟೇ ಕಷ್ಟಪಡುತ್ತಿದೆ. ಇದೇನು ಪವಾಡ ಎಂದು ಒಂದು ಭಾನುವಾರ ನಾನೂ ಹೋದೆ. ಇಳಿದು ಬಂದವರೇ ನೇರವಾಗಿ ಗಿರ್ಮಿಟ್ ಗಾಡಿಗೆ! ಒಂದು ಪ್ಲೇಟ್ ಗಿರ್ಮಿಟ್, ಜೊತೆಗೆ ನಾಲ್ಕು ಮಿರ್ಚಿ ಭಜಿ. ನಾನು ಕಣ್ಣು ಕೆಂಪು ಮಾಡಿದರೆ, ಹತ್ತುವುದು ಇಲಾಖೆಗಾಗಿ, ಇಳಿದ ಮೇಲಿನದು ನನ್ನ ಸ್ವಂತದ್ದು ಎಂದು ಸಮಜಾಯಿಷಿ ಕೊಟ್ಟರು. ಗಾಡಿಯವನು ಅವರನ್ನು ನೋಡಿದೊಡನೆ ಎಣ್ಣೆಗೆ ಇನ್ನಷ್ಟು ಮೆಣಸಿನಕಾಯಿ ಬಿಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ.

ಆಮೇಲೆ ಹೆಗಲ ಮೇಲೆ ಮನುಷ್ಯರನ್ನು ಹೊತ್ತು ಇಳಿಸುವ ಅಭ್ಯಾಸ ಶುರುವಾಯಿತು. ಹೊರಿಸಿಕೊಳ್ಳಲು ನಾನು ಒಪ್ಪಲಿಲ್ಲ, ಕಾಕು ಲಟ್ಟಣಿಗೆ ತೋರಿಸಿದರು. ಉಪ್ಪಿನಬೆಟಗೇರಿಯಿಂದ ಬಂದಿದ್ದ ಜೋಳದ ಚೀಲಕ್ಕೆ ಮಾತ್ರ ಬಾಯಿ ಇರಲಿಲ್ಲ. ಅದನ್ನು ಹೊತ್ತು ಮಾಳಿಗೆಗೆ ಹೊರಟವರು ಆರನೇ ಮೆಟ್ಟಿಲಲ್ಲಿ ಹೊಯ್ದಾಡಿದರು, ಚೀಲ ಹರಿಯಿತು, ಜೋಳ ಅಂಗಳದವರೆಗೆ ಹರಿದು ಹೋಯಿತು. ಮನುಷ್ಯನಾಗಿದ್ದರೆ ಇಷ್ಟೆಲ್ಲ ಚೆಲ್ಲುತ್ತಿರಲಿಲ್ಲ ಎಂದರು ಕಾಕಾ. ನಾನು, ಕಾಕು ಎರಡು ದಿನ ಜೋಳ ಆರಿಸಿದೆವು.

ತೂಕದ ಕಥೆಯಂತೂ ಇನ್ನೂ ಚೆಂದ. ಅಮರಗೋಳದ ಮಾರುಕಟ್ಟೆಯಲ್ಲಿ ಕಾಕಾನ ಗೆಳೆಯರೊಬ್ಬರದು ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿ. ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಮೆಣಸಿನಕಾಯಿ ತೂಗುವ ಕಾಟಾದ ಮೇಲೆ ನಿಲ್ಲುವರು. ಅಲ್ಲಿ ಮಾಲು ತೂಗಿದ ಮೇಲೆ ಚೀಲದ ತೂಕ ಕಳೆಯುವುದು ರೂಢಿ, ಕಾಯಿ ಹಸಿಯಿದ್ದರೆ ಅದಕ್ಕೂ ಒಂದಿಷ್ಟು ಕಳೆಯುತ್ತಾರೆ. ಕಾಟಾ ತೊಂಬತ್ತೊಂದು ತೋರಿಸಿದರೆ ಗೆಳೆಯರು ಬೂಟು-ಬೆಲ್ಟು ಚೀಲದ ಲೆಕ್ಕ ಎಂದು ಎರಡು ಕಿಲೋ ಕಳೆಯುತ್ತಿದ್ದರು. ಬೆವರಿಗೆ ಒಂದೂವರೆ. ಹಿಂದಿನ ದಿನದ ಹೋಳಿಗೆ ಇನ್ನೂ ಮೈಗೆ ಹತ್ತಿಲ್ಲ ಎಂದು ಮೂರು. ಹೀಗೆ ನಮ್ಮ ಕಾಕಾ ಒಂದು ತುತ್ತೂ ಬಿಡದೆ, ನಿಂತ ಕಾಲಲ್ಲೇ ಎಂಬತ್ತನಾಲ್ಕೂವರೆಗೆ ಇಳಿದು ಮನೆಗೆ ಬಂದು ಮೀಸೆ ತಿರುವುತ್ತಿದ್ದರು!

ಪರೀಕ್ಷೆಯ ದಿನ ನನಗೆ ರಜೆ ಇತ್ತು. ಧೈರ್ಯ ಹೇಳಲು ಎಂದು ಜೊತೆಗೆ ಹೋದೆ, ಖರೇ ಹೇಳಬೇಕೆಂದರೆ ತಮಾಷೆ ನೋಡಲು. ಬರಿಗಾಲಲ್ಲಿ ನಿಂತರೆ ಮೈಯ ನೀರು, ಎಲುಬು, ಕೊಬ್ಬು ಎಲ್ಲವನ್ನೂ ಬೇರೆ ಬೇರೆ ಹೇಳುವ ಯಂತ್ರ ತಂದಿದ್ದರು. ಡಾಕ್ಟರಮ್ಮ ಅಂಕಿ ಓದುತ್ತಿದ್ದಂತೆ ಕಾಕಾ, "ಚೀಲದ ತೂಕ ಕಳದ್ರ್ಯಾ?" ಎಂದು ಕೇಳಿದರು.

"ಯಾವ ಚೀಲಾರಿ?" ಅಂದರು ಆಕೆ. ಸಾಲಿನಲ್ಲಿದ್ದವರೆಲ್ಲ ಕಾಕಾನ ಹೊಟ್ಟೆ ನೋಡಿದರು.

ಕೊಬ್ಬು ಹೆಚ್ಚು, ನೀರು ಕಡಿಮೆ ಎಂದಿತು ಯಂತ್ರ. ಅಗ್ನಿಶಾಮಕದವನ ಮೈಯಲ್ಲೇ ನೀರಿಲ್ಲ! ಉರಿಯುವ ಬೆಂಕಿಗೆ ತುಪ್ಪ ಸುರಿಯಬಾರದು ಅನ್ನುತ್ತಾರೆ, ಇಲಾಖೆ ತುಪ್ಪಕ್ಕೆ ಯೂನಿಫಾರ್ಮ್ ತೊಡಿಸಿ ಕಳಿಸುತ್ತಿತ್ತಲ್ಲ ಎಂದುಕೊಂಡೆ. ಕೊನೆಗೆ ಟೇಪು. ಕಾಕಾ ಹೊಟ್ಟೆ ಒಳಗೆಳೆದು ಉಸಿರು ಹಿಡಿದರು. ಹೊಗೆಯಲ್ಲಿ ನುಗ್ಗಿದ ಅನುಭವ, ಉಸಿರು ಹಿಡಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಡಾಕ್ಟರ್ ಟೇಪು ಹಿಡಿದು ಸುಮ್ಮನೆ ಕಾದರು. ಕಾಕಾನ ಮುಖ ಕೆಂಪಾಯಿತು, ಕಣ್ಣು ಹೊರಬಂದವು, ಆಮೇಲೆ ಹೊಟ್ಟೆಯೂ ಬಂತು. ಮರುದಿನದಿಂದಲೇ ವಾಚ್ ರೂಮು. ಮತ್ತೆ ಪರೀಕ್ಷೆ ಮೂರು ತಿಂಗಳಿಗೆ.

ಮನೆಗೆ ಬರುವ ದಾರಿಯುದ್ದಕ್ಕೂ ನಾನು ಬಿಡಲಿಲ್ಲ. ಕುರ್ಚಿ ಗಟ್ಟಿ ಇದೆಯೋ ನೋಡಿ ಕೂತುಕೊಳ್ಳಿ ಅಂದೆ. ಇನ್ನು ಊರಿಗೆ ಬೆಂಕಿಯ ಭಯವಿಲ್ಲ ಅಂದೆ. ಕಾಕಾ ನಗಲಿಲ್ಲ.

ಒಂದು ವಾರ ಕಳೆದಿತ್ತು. ಸಂಜೆ ನಾನು ಶಾಲೆಯಿಂದ ಬಂದಾಗ ಕಾಕಾ ಬೂಟು ಬಿಚ್ಚದೆ ಕಟ್ಟೆಯ ಮೇಲೆ ಕೂತಿದ್ದರು. ಕಾಕು ಇಟ್ಟ ಚಹಾ ಆರಿತ್ತು. ಏನಾಯಿತು ಎಂದೆ. ಮಧ್ಯಾಹ್ನ ಒಬ್ಬ ಮುದುಕಿಯ ಫೋನ್ ಬಂದಿತ್ತಂತೆ, ಅಡುಗೆಮನೆಗೆ ಬೆಂಕಿ ಹತ್ತಿದೆ ಎಂದು ಅಳುತ್ತಿದ್ದಳಂತೆ. ಗಾಡಿ ಹೋಯಿತು, ಬೆಂಕಿ ಆರಿತು, ಯಾರಿಗೂ ಏನೂ ಆಗಲಿಲ್ಲ. ಒಳ್ಳೆಯದೇ ಆಯಿತಲ್ಲ ಅಂದೆ.

ಕಾಕಾ ನೆಲ ನೋಡುತ್ತ ಹೇಳಿದರು: "ಅಕಿಗೆ 'ಬಂದೆ ಯವ್ವಾ, ಬಂದೆ' ಅಂದೆ. ಇಪ್ಪತ್ತೆರಡು ವರ್ಷ ಹಂಗ ಹೇಳೇನಿ, ಹೋಗೇನಿ. ಇವತ್ತ ಹೇಳಿ, ಕುರ್ಚಿ ಮ್ಯಾಲೆ ಕುಂತೆ."

ಇಷ್ಟು ದಿನ ಟೇಪು ಹಿಡಿದು ಈ ಮನುಷ್ಯನ ಸುತ್ತ ತಿರುಗಿ ನಗಾಡಿದ್ದೆನಲ್ಲ, ನಾಚಿಕೆಯಿಂದ ಕುಗ್ಗಿಹೋದೆ.

ಮರುದಿನ ಬೆಳಗಾಗುವ ಹೊತ್ತಿಗೆ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಕಾಕಾ ಎದ್ದು ಬಂದವರು, "ಎಲ್ಲಿಗೆ ಹೊಂಟ್ರಿ ಅಕ್ಕೋರ?" ಎಂದು ಟೀಚರನ್ನು ಕರೆಯುವ ಧಾಟಿಯಲ್ಲಿ ಕೇಳಿದರು.

"ನಿಮ್ಮ ಸಂಗಾಟ ಓಡಾಕ. ನಡೀರಿ ಕಾಕಾ, ಮೂರ ತಿಂಗಳದಾವ."

ಅವರು ಬೂಟು ಕಟ್ಟಿಕೊಂಡು ಮೆಟ್ಟಿಲಿಳಿದರು. ರಸ್ತೆಯ ತಿರುವು ಬರುವಷ್ಟರಲ್ಲೇ ನನಗೆ ದಮ್ಮು ಹತ್ತಿತು, ಕಂಬ ಹಿಡಿದು ನಿಂತುಬಿಟ್ಟೆ. ಬಹಳ ಮುಂದೆ ಹೋಗಿದ್ದ ಕಾಕಾ ಹಿಂದಿರುಗಿ ನೋಡಿದರು, ಅಷ್ಟೂ ದೂರ ಓಡುತ್ತಲೇ ವಾಪಸು ಬಂದು ನನ್ನ ಕೈ ಹಿಡಿದುಕೊಂಡರು.