ಇಟಲಿ ದೊರೆಯ ತೀರ್ಥ

ಹೆಗ್ಗಡದೇವನಕೋಟೆಯ ತಾಲ್ಲೂಕು ಕಚೇರಿಯಲ್ಲಿ ನಾವು ಆರು ಜನ ಗುಮಾಸ್ತರಿದ್ದೆವು. ಆದರೂ ಊರಿನ ಎಡವಟ್ಟುಗಳೆಲ್ಲ ದಾರಿ ಕೇಳಿಕೊಂಡು ನನ್ನ ಮೇಜಿಗೇ ಬರುತ್ತಿದ್ದವು. ಮಹಾರಾಜರ ಕಾಲದ ಮಾತು. ಕೊಡಗಿನ ಕಾಫಿ ತೋಟದಲ್ಲಿ ಕೆಲಸ ಮಾಡಿ ಮುದುಕನಾದ ಇಟಲಿಯವನೊಬ್ಬ, ನಮ್ಮ ತಾಲ್ಲೂಕಿನಲ್ಲಿ ತನ್ನೂರಿನ ದ್ರಾಕ್ಷಿ ಬೆಳೆಯುತ್ತೇನೆ ಅಂತ ಅರ್ಜಿ ಹಾಕಿದ. ಅಮಲ್ದಾರರು ನನ್ನನ್ನು ಕರೆದು, ನಿನಗೆ ಇಂಗ್ಲಿಷ್ ಬರುತ್ತಲ್ಲ, ನೀನೇ ನೋಡಿಕೋ ಅಂದರು. ನನಗೆ ಬರುತ್ತಿದ್ದುದು ಅರ್ಜಿಯ ಇಂಗ್ಲಿಷು. ಮುದುಕನಿಗೆ ಅದೂ ಅರ್ಧಂಬರ್ಧ.

ಉಕ್ಕಡದಲ್ಲಿ

ಬಿಳಿಯರನ್ನೆಲ್ಲ ದೊರೆ ಅನ್ನುತ್ತಿದ್ದ ಕಾಲ; ಈ ದೊರೆಯನ್ನು ಕರೆತರಲು ನಾನೇ ಹೋಗಬೇಕಾಯಿತು. ಕೊಡಗು ದಾಟಿ ಪಿರಿಯಾಪಟ್ಟಣದ ಕಡೆಗೆ ಬರುವಾಗ ಸುಂಕದ ಉಕ್ಕಡದಲ್ಲಿ ಅಬಕಾರಿ ಜಮಾದಾರ ಗಾಡಿ ನಿಲ್ಲಿಸಿದ. ಹುಲ್ಲಿನೊಳಗೆ ಒಂದು ಪುಟ್ಟ ಮರದ ಪೀಪಾಯಿ. ಇದೇನು ಅಂತ ಕೇಳಿದ. ದೊರೆ 'ವಿನ್ ಸಾಂತೋ' ಅಂದ. ಅರ್ಥ ಕೇಳಿದೆ. ಕೈಮುಗಿದು ಆಕಾಶ ತೋರಿಸಿದ. ಪವಿತ್ರವಾದ ರಸ ಅಂತ ತಿಳಿದುಕೊಂಡು, ತೀರ್ಥ ಕಣಯ್ಯ ಅಂದುಬಿಟ್ಟೆ.

ಜಮಾದಾರ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಬಲಗೈ ಚಾಚಿದ. ದೊರೆ ಒಂದು ಚಮಚ ಹಾಕಿದ. ಜಮಾದಾರ ಕುಡಿದು ಕಣ್ಣು ಮುಚ್ಚಿದ. ಆಮೇಲೆ ಮತ್ತೆ ಕೈ ಚಾಚಿದ.

"ತೀರ್ಥ ಮೂರು ಸಲ ತಗೋಬೇಕಲ್ವಾ ಸ್ವಾಮಿ," ಅಂದ.

ಅಟ್ಟದ ಮೇಲೆ

ದೊರೆ ಪ್ರವಾಸಿ ಬಂಗಲೆಯಲ್ಲಿ ಬಿಡಾರ ಹೂಡಿದ. ಹಿತ್ತಲಲ್ಲಿ ಬಳ್ಳಿ ನೆಟ್ಟು ಚಪ್ಪರ ಹಾಕಿಸಿದ. ಸಾಯಂಕಾಲ ಯಾರೇ ಸಿಕ್ಕಿದರೂ ಅವನಿಗೆ ತನ್ನ ಟಸ್ಕನಿ ಸೀಮೆಯದೇ ಮಾತು. ಗುಡ್ಡದ ತುಂಬ ಬಿಳಿ ದ್ರಾಕ್ಷಿ, ನೆತ್ತಿಯ ಮೇಲೊಂದು ಮನೆ. ಗೊಂಚಲು ಕೊಯ್ದು ತೊಲೆಗೆ ನೇತುಹಾಕಿ ತಿಂಗಳುಗಟ್ಟಲೆ ಬಾಡಿಸುತ್ತಾರೆ. ಆಮೇಲೆ ಹಿಂಡಿ, ಪೀಪಾಯಿಗೆ ತುಂಬಿ, ಬಾಯಿ ಬಿಗಿದು ಅಟ್ಟಕ್ಕೆ ಏರಿಸುತ್ತಾರೆ. ಬಿಸಿಲಾಗಲಿ ಚಳಿಯಾಗಲಿ, ಐದಾರು ವರ್ಷ ಯಾರೂ ಮುಟ್ಟುವಂತಿಲ್ಲ. ಆಗಲೇ ಅದು ಜೇನಿನ ಬಣ್ಣಕ್ಕೆ ತಿರುಗಿ ಹಣ್ಣಾಗುವುದು. ನಾನು ಬೇಸರದಿಂದಲೇ ಒಂದೊಂದು ಮಾತನ್ನೂ ಕನ್ನಡ ಮಾಡಿ ಹೇಳುತ್ತಿದ್ದೆ.

ಒಂದು ದಿನ ಬೇಗೂರು ಕಡೆಯ ಪಟೇಲರು ಎಲ್ಲ ಕೇಳಿಸಿಕೊಂಡು ತಲೆದೂಗಿದರು.

"ಅಂಗಾರೆ ನನ್ನ ಅರ್ಜೀನೂ ಅಣ್ಣಾಗಿರ್ತದೆ ಬುಡಿ. ನಿಮ್ ಕಚೇರಿ ಅಟ್ಟದ್ ಮ್ಯಾಲೆ ಏಳು ವರ್ಸದಿಂದ ಯಾರೂ ಮುಟ್ಟಿಲ್ಲ."

ಏನಂದರು ಅಂತ ದೊರೆ ಕೇಳಿದ. ನಿಮ್ಮೂರು ಬಹಳ ಚೆನ್ನಾಗಿದೆಯಂತೆ ಅಂದೆ.

ಪಾಯಸ

ಮೂರನೇ ವರ್ಷ ಬಳ್ಳಿ ಹನ್ನೆರಡು ಗೊಂಚಲು ಬಿಟ್ಟಿತು. ದೊರೆ ಕೂಸಿನಂತೆ ಎತ್ತಿ ತಂದು ಅಡಿಗೆಮನೆಯ ತೊಲೆಗೆ ಕಟ್ಟಿ, ಮೈಸೂರಿಗೆ ಹೋದ. ಎರಡು ತಿಂಗಳ ಮೇಲೆ ಬಂದಾಗ ಬಂಗಲೆ ನೋಡಿಕೊಳ್ಳುವ ಮೇಟಿ, ಅಡಿಗೆಯೂ ಅವನದೇ, ಪಾಯಸ ಮಾಡಿ ಬಡಿಸಿದ. ದೊರೆ ಎರಡನೇ ಬಟ್ಟಲು ಹಾಕಿಸಿಕೊಂಡು, ಇಷ್ಟು ಸೊಗಸಾದ ಒಣದ್ರಾಕ್ಷಿ ಎಲ್ಲಿಂದ ತರಿಸಿದೆ ಅಂತ ನನ್ನಿಂದ ಕೇಳಿಸಿದ. ಮೇಟಿ ಹೆಮ್ಮೆಯಿಂದ ಸೌಟೆತ್ತಿ ಮೇಲೆ ತೋರಿಸಿದ.

ತೊಲೆಯಲ್ಲಿ ಬರೀ ದಾರಗಳು ನೇತಾಡುತ್ತಿದ್ದವು. ಹಣ್ಣು ಸುಕ್ಕಾಗಿ ಕೆಡುತ್ತಿದ್ದವಂತೆ, ಪಾಪ ದೊರೆಗೆ ನಷ್ಟವಾಗಬಾರದು ಅಂತ ಉಪಯೋಗಿಸಿದನಂತೆ. ನಾನು ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಲಿ ಅಂತ ಯೋಚಿಸುವಷ್ಟರಲ್ಲಿ ದೊರೆಗೆ ಅರ್ಥವಾಗಿತ್ತು. ಕತ್ತೆತ್ತಿ ಹನ್ನೆರಡು ದಾರಗಳನ್ನೂ ಎಣಿಸಿದ. ಆಮೇಲೆ ಬಟ್ಟಲಿನಲ್ಲಿ ಉಳಿದದ್ದನ್ನೂ ಕುಡಿದು, ಮುಂದಿನ ಬೆಳೆಗೆ ಏಲಕ್ಕಿ ಸ್ವಲ್ಪ ಕಮ್ಮಿ ಹಾಕಲು ಹೇಳು ಅಂದ.

ತನಿಖೆ

ಅಷ್ಟಾದರೂ ಅವನು ಬಿಡಲಿಲ್ಲ. ಬಳ್ಳಿ ಹಬ್ಬಿಸಲು ಒಂದು ಗುಡ್ಡದ ಇಳಿಜಾರು ಬೇಕು ಅಂತ ಸರ್ಕಾರಕ್ಕೆ ಬರೆದ. ಅದೊಂದೇ ಅವನ ಕೊನೆಯ ಆಸೆ. ತನಿಖೆಗೆ ಮೈಸೂರಿನಿಂದ ದೊಡ್ಡ ಸಾಹೇಬರು ಬಂದರು. ಮಹಾ ಮಡಿವಂತರು. ಕೋಟು ಬಿಚ್ಚಿ ನೇತುಹಾಕಿ ಹಿತ್ತಲಲ್ಲಿ ಕುರ್ಚಿ ಹಾಕಿಸಿಕೊಂಡರು. ಮಾದರಿಗೆಂದು ದೊರೆ ಪೀಪಾಯಿಯ ತಳದಲ್ಲಿದ್ದದ್ದನ್ನು ಲೋಟಕ್ಕೆ ಬಗ್ಗಿಸಿ ತಂದ. ಸಾಹೇಬರು ಮುಖ ತಿರುಗಿಸಿ ನನ್ನ ಕಡೆ ಕೈ ಮಾಡಿದರು.

"ನೀವು ಕುಡಿದು ವರದಿ ಹೇಳಿ. ಇದು ಹುಕುಂ."

ನಾನು ಜನ್ಮದಲ್ಲಿ ಮದ್ಯ ಮುಟ್ಟಿದವನಲ್ಲ. ಮನೆಯಲ್ಲಿ ಗೊತ್ತಾದರೆ ಗತಿಯಿಲ್ಲ, ಕುಡಿಯದಿದ್ದರೆ ನೌಕರಿಯಿಲ್ಲ. ಕುಡಿದೆ. ಸುಟ್ಟ ಬೆಲ್ಲ, ಜೇನು, ಹಳೇ ಮರದ ಪೆಟ್ಟಿಗೆಯ ವಾಸನೆ. ಇಪ್ಪತ್ತು ವರ್ಷದ ಆಯಾಸ ಮೊಣಕಾಲಿನಿಂದ ಇಳಿದುಹೋಯಿತು. ಹೇಗಿದೆ ಅಂತ ಸಾಹೇಬರು ಕೇಳಿದರು.

ರಸ ಬಹಳ ಚೆನ್ನಾಗಿದೆ ಸ್ವಾಮಿ ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾಲಗೆ ನಿಲ್ಲಲಿಲ್ಲ. ತಾವು ರುಜು ಹಾಕುವ ತನಿಖೆ ವರದಿಗಳನ್ನೆಲ್ಲ ತಾವು ಬರುವ ಮುಂಚೆಯೇ ನಾವು ಬರೆದಿಟ್ಟಿರುತ್ತೇವೆ, ಇವತ್ತಿನದೂ ನಿನ್ನೆಯೇ ಆಗಿದೆ, ತಾವು ಇನ್ನೂ ಬಳ್ಳಿಯನ್ನೇ ನೋಡಿಲ್ಲ, ತಮ್ಮ ಕೋಟು ನೇತಾಡುತ್ತಿರುವುದು ಅದರ ಮೇಲೇ ಅಂದೆ.

ಪಕ್ಕದಲ್ಲಿ ನಿಂತಿದ್ದ ಅಮಲ್ದಾರರು ನೆಲ ನೋಡಿದರು. ಸಾಹೇಬರು ಎದ್ದು, ಕೋಟನ್ನು ಬಳ್ಳಿಯಿಂದ ಬಿಡಿಸಿಕೊಂಡು ಕಾರು ಹತ್ತಿದರು.

ನನ್ನ ಕೆಲಸ ಹೇಗೆ ಉಳಿಯಿತೋ ದೇವರಿಗೇ ಗೊತ್ತು. ದೊರೆಗೆ ಗುಡ್ಡ ಸಿಗಲಿಲ್ಲ. ಕಡತ ವಾಪಸು ಬಂದಾಗ ಸಾಹೇಬರ ಷರಾ ಓದಿ ಹೇಳುವ ಕೆಲಸವೂ ನನಗೇ ಬಿತ್ತು. ಕೇಳಿ ಆ ಮುದುಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಬರೆದಿದ್ದದ್ದು ಇಷ್ಟೇ:

"ಈ ಪಾನೀಯದಿಂದ ಗುಮಾಸ್ತರು ನಿಜ ಹೇಳತೊಡಗುತ್ತಾರೆ. ಸರ್ಕಾರಿ ಕಚೇರಿಯ ಆಸುಪಾಸಿನಲ್ಲಿ ಇದರ ತಯಾರಿಕೆಗೆ ಅನುಮತಿ ಇಲ್ಲ."