ದೊಡ್ಡಪ್ಪನ ಒಣಗದ ಮುದುಕ

ನಮ್ಮ ದೊಡ್ಡಪ್ಪ ಒಬ್ಬ ಮುದುಕನ ಮೂಗನ್ನು ಹನ್ನೊಂದೇ ದಿನದಲ್ಲಿ ಮೀಸೆಯ ಕೆಳಕ್ಕೆ ಇಳಿಸಿದವರು. ಉತ್ಪ್ರೇಕ್ಷೆಯಲ್ಲ. ಸ್ಕೇಲು ಹಿಡಿದು ಅಳೆದಿದ್ದೇನೆ: ಒಂದೂಕಾಲು ಇಂಚು!

ಕ್ರಮವಾಗಿ ಹೇಳುತ್ತೇನೆ. ದೊಡ್ಡಪ್ಪ ಲೈನ್‌ಮನ್ ಆಗಿ ರಿಟೈರ್ ಆದವರು. ಹೋದ ವರ್ಷ ದೊಡ್ಡಮ್ಮನಿಗೆ ಲಕ್ವ ಹೊಡೆದು ಮುಖದ ಎಡಭಾಗ ಜೋತುಬಿತ್ತು. ಅಂದೇ ಮುಖಕ್ಕೆ ಸೆರಗು ಮುಚ್ಚಿ ಒಳಕೋಣೆ ಸೇರಿದರು. ಮದುವೆ ಮುಂಜಿ ಇರಲಿ, ಬೀದಿಬಾಗಿಲಿಗೂ ಬರಲಿಲ್ಲ. ಕನ್ನಡಿ ಗೋಡೆಗೆ ಮುಖಮಾಡಿತು. ಆಕೆ ಮತ್ತೆ ನಾಲ್ಕು ಜನರ ಮುಂದೆ ಬರುತ್ತಾರೋ ಇಲ್ಲವೋ ಎಂದು ನಾವೆಲ್ಲ ಕೊರಗುತ್ತಿದ್ದೆವು. ಗಂಡನಾದವರು ಅಂಥ ಹೊತ್ತಿನಲ್ಲಿ ಏನು ಮಾಡಬೇಕು? ತೈಲಚಿತ್ರ ಕಲಿಯಬೇಕೆ?!

ನಾನು ಸಿರಾದಿಂದ ಅವರ ಊರು ಹೊಳವನಹಳ್ಳಿಗೆ ಹೋದಾಗ ಮಟಮಟ ಮಧ್ಯಾಹ್ನ. ಮನೆಯೊಳಗೆ ಕತ್ತಲು! ಒಂದನ್ನು ಬಿಟ್ಟು ಎಲ್ಲ ಕಿಟಕಿಗೂ ಗೋಣಿಚೀಲ ಹೊಡೆದಿದ್ದರು. ಊರಿಗೆಲ್ಲ ಬೆಳಕು ಕೊಟ್ಟ ಮನುಷ್ಯ! ಆ ಒಂದು ಕಿಟಕಿಯ ಪಕ್ಕ ಹಳೇ ಕ್ಯಾಲೆಂಡರಿನ ಪುಟ. ಅದರಲ್ಲಿ ಯಾವುದೋ ಕಾಲದ ವಿದೇಶಿ ಮುದುಕ. ಸುತ್ತ ಗಾಢ ಕಪ್ಪು, ಒಂದೇ ಕೆನ್ನೆಗೆ ಬೆಳಕು. ಪಕ್ಕದಲ್ಲಿ ದೊಡ್ಡಪ್ಪ ಮಾಡುತ್ತಿದ್ದ ನಕಲು.

"ಅಲ್ಲಾಡಬ್ಯಾಡ ಕಣ್ಲಾ, ಬೆಳಕು ಕೆಡ್ತದೆ."

ನಾನು ಚಿತ್ರ ಮುಟ್ಟಿದೆ. ಬೆರಳು ಕಪ್ಪಾಯಿತು.

"ಯಾವಾಗ ಬರೆದದ್ದು, ದೊಡ್ಡಪ್ಪ?"

"ಮೂರು ವಾರ ಆತು."

"ಯಾವ ಎಣ್ಣೆ ಹಾಕಿದ್ದೀರಿ?"

"ಯಾವ್ದೇನ್ಲಾ? ಗಾಣದ ಕಡ್ಲೆಕಾಯಿ ಎಣ್ಣೆ! ಕಪ್ಪಿಗೆ ದೀಪದ ಮಸಿ. ಅಂಗಡಿ ಮಾಲು ಯಾವನಿಗೆ ಬೇಕು?"

ಕಡಲೆಕಾಯಿ ಎಣ್ಣೆ ಒಣಗುತ್ತದೆಯೇ? ತೊಳೆಯದ ಬಾಣಲೆ ಕಂಡ ಎಲ್ಲರಿಗೂ ಇದು ಗೊತ್ತು! ಅನುಮಾನ ಬಂದು ಅಂದೇ ಮುದುಕನ ಮೂಗಿನ ಅಳತೆ ಬರೆದುಕೊಂಡೆ.

ಹನ್ನೊಂದನೆಯ ದಿನ ಮತ್ತೆ ಹೋದೆ. ಮೂಗಿನ ಸ್ಥಿತಿ ಆಗಲೇ ಹೇಳಿದ್ದೇನೆ. ಅಂದು ಮೋಡವಿತ್ತು. ದೊಡ್ಡಪ್ಪ ಬೆಳಕಿಗೆಂದು ಚಿತ್ರದ ಪಕ್ಕ ದೀಪ ಹಚ್ಚಿದ್ದರು. ಕಮಟು ವಾಸನೆಗೆ ಊದುಬತ್ತಿಯನ್ನೂ ಸಿಕ್ಕಿಸಿದ್ದರು. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಮಜ್ಜಿಗೆ ಕೊಡಲು ಬಂದವಳು ದೀಪ ನೋಡಿದಳು, ಪಟ ನೋಡಿದಳು, ಚೊಂಬು ಕೆಳಗಿಟ್ಟು ಕೈಮುಗಿದಳು.

"ಅಯ್ಯೋ ಸಿವನೇ! ಯಾವಾಗ ಹೋದ್ರಪ್ಪಾ?"

"ಮುನ್ನೂರು ವರ್ಸದ ಮೇಲಾತು," ಅಂದರು ದೊಡ್ಡಪ್ಪ, ಕುಂಚದಿಂದ ಕಣ್ಣೆತ್ತದೆ.

"ನಮ್ಗೊಂದು ಮಾತು ಹೇಳ್ಲೇ ಇಲ್ವಲ್ಲಪ್ಪಾ!"

ಆಗ ಒಳಕೋಣೆಯಿಂದ ಸದ್ದು ಬಂತು. ಅದು ನಗು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತೇ ಬೇಕಾಯಿತು. ದೊಡ್ಡಮ್ಮ ನಗುತ್ತಿದ್ದರು! ನಗುತ್ತಲೇ ಹೊರಗೆ ಬಂದರು. ಚಿತ್ರದ ಮುಂದೆ ಬಂದು ನಿಂತರು.

"ಈ ವಯ್ಯಂಗೂ ಅರ್ಧ ಮುಖ ಹೋಗೈತಾ?"

"ಹೋಗಿಲ್ಲ ಕಣೇ. ನೆಳ್ಳಾಗೈತೆ, ಅಷ್ಟೇಯ. ನಿನ್ನ ಇಂಗೆ ಬರೆಯಾನ ಅಂತ್ಲೇ ಕಲೀತಿರಾದು."

ದೊಡ್ಡಮ್ಮ ಸ್ಟೂಲಿನ ಮೇಲೆ ಕೂತರು. ದೊಡ್ಡಪ್ಪ ದೀಪವನ್ನು ಆಕೆಯ ಬಲಕ್ಕೆ ಸರಿಸಿದರು. ಎಡಗೆನ್ನೆ ಕತ್ತಲಲ್ಲಿ ಮುಚ್ಚಿಹೋಯಿತು. ಅದೇ ಹಳೆಯ ದೊಡ್ಡಮ್ಮ.

ಆಕೆ ದೀಪವನ್ನು ಎತ್ತಿ ತನ್ನ ಎಡಕ್ಕಿಟ್ಟುಕೊಂಡರು. ಸೆರಗನ್ನೂ ಸರಿಸಿದರು.

"ಆ ಕಡೆ ನಲವತ್ತು ವರ್ಸ ನೋಡಿದ್ದೀಯ. ಈಗ ಈ ಕಡೆ ನೋಡು."

ದೊಡ್ಡಪ್ಪ ಕುಂಚ ಕೆಳಗಿಟ್ಟರು. ನೋಡಿದರು.