ಏಳು ಸಲ ಸತ್ತ ನಮ್ಮ ಕಾಕಾ

ನಮ್ಮ ಕಾಕಾ ಇಲ್ಲಿಯವರೆಗೆ ಏಳು ಸಲ ಸತ್ತಿದ್ದಾರೆ. ಬಾಯಿಮಾತಲ್ಲ, ದಾಖಲೆಯಿದೆ! ಆರು ಸಲ ನಾನೇ ಎದುರಿಗಿದ್ದೆ. ಒಂದು ಸಲವಂತೂ ಸತ್ತ ಸ್ಥಿತಿಯಲ್ಲೇ ಎರಡು ತಟ್ಟೆ ಮಂಡಕ್ಕಿ ಸುಸಲಾ ತಿಂದು, ಮೇಲೆ ಮಿರ್ಚಿ ಬೇಕೆಂದು ಕೇಳಿದರು. ಸತ್ತವರಿಗೆ ಇಷ್ಟು ಹಸಿವಿರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಕಲಬುರಗಿಯ ಅಗ್ನಿಶಾಮಕ ಠಾಣೆಯಲ್ಲಿ ಮೂವತ್ತು ವರ್ಷದಿಂದ ಬೆಂಕಿ ಆರಿಸುತ್ತಿದ್ದಾರೆ. ಬಿಡುವಿನ ವೇಳೆಯಲ್ಲಿ, ಇನ್ನೂ ಹೊತ್ತಿಕೊಳ್ಳದ ಬೆಂಕಿಯನ್ನೂ ಆರಿಸುತ್ತಾರೆ. ಯಾರ ಮನೆಗೆ ಹೋದರೂ ಮೊದಲು ಅಡುಗೆಮನೆಗೆ ನುಗ್ಗಿ ಗ್ಯಾಸಿನ ಪೈಪು ಮೂಸಿ ನೋಡಿದ ಮೇಲೆಯೇ "ಹೆಂಗಿದ್ದೀರಿ?" ಎಂದು ಕೇಳುವುದು. ನಮ್ಮೂರು ಕಮಲಾಪುರದಲ್ಲಿ ನನ್ನ ಮದುವೆಯಾದಾಗ ನೆಂಟರೆಲ್ಲ ಮದುಮಗನನ್ನು ನೋಡುತ್ತಿದ್ದರೆ, ಇವರು ಹಂದರವನ್ನು ಸುತ್ತು ಹಾಕಿ ಬಂದರು.

"ಹುಡುಗ ಛಲೋ ಇದ್ದಾನ," ಎಂದರು ಅಪ್ಪನಿಗೆ. "ಆದ್ರ ಎಂಟುನೂರು ಮಂದಿಗಿ ಒಂದ ಬಾಗಲ ಇಟ್ಟೀರಲ್ಲ! ಇದು ಮದಿವಿ ಏನು, ಇಲಿ ಬೋನೇನು?"

ಅಕ್ಷತೆ ಬೀಳುವ ಮೊದಲು ಹಂದರದ ಇನ್ನೊಂದು ಬದಿಯ ಬಟ್ಟೆಯನ್ನು ತಾವೇ ಕತ್ತರಿಸಿ ಬಾಗಿಲು ಮಾಡಿದರು. ಹಂದರದವನು ಅತ್ತ. ನನ್ನ ಗಂಡ ಇವತ್ತಿಗೂ ಆ ಬಾಗಿಲು ತನಗಾಗಿಯೇ ಮಾಡಿಸಿದ್ದೆಂದು, ತಾನು ಅದನ್ನು ಬಳಸಿಕೊಳ್ಳಲಿಲ್ಲವೆಂದು ಹಲುಬುತ್ತಾನೆ.

ಇಂಥ ಕಾಕಾನ ಕೈಗೆ ನಾನು ಬೆಲ್ಟಿನಂಥ ಒಂದು ಪಟ್ಟಿ ಕೊಟ್ಟೆ. ನಾನು ಕಲಬುರಗಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು. ನನ್ನ ವಿದ್ಯಾರ್ಥಿಗಳೂ ನಾನೂ ಸೇರಿ ಎರಡು ವರ್ಷ ಒದ್ದಾಡಿ ಮಾಡಿದ ಪಟ್ಟಿ ಅದು. ಬೆಂಕಿಗೆ ನುಗ್ಗುವವರು ಅದನ್ನು ಎದೆಗೆ ಕಟ್ಟಿಕೊಂಡರೆ ಸಾಕು, ಅವರು ಕಟ್ಟಡದೊಳಗೆ ಎಲ್ಲಿದ್ದಾರೆ, ಎದೆ ಎಷ್ಟು ಸಲ ಬಡಿಯುತ್ತಿದೆ, ಮೈ ಎಷ್ಟು ಕಾದಿದೆ ಎಂಬುದೆಲ್ಲ ಹೊರಗಿರುವವರ ಪರದೆಯ ಮೇಲೆ ಕಾಣುತ್ತದೆ. ಮನುಷ್ಯ ಒಂದು ಹಸಿರು ಚುಕ್ಕೆ. ಚುಕ್ಕೆ ಕೆಂಪಾದರೆ ಅಪಾಯ. ಪರೀಕ್ಷೆ ಮಾಡಿ ನೋಡಲು ಠಾಣೆಯವರು ಒಪ್ಪಿದರು. ಕಟ್ಟಿಕೊಳ್ಳುವವರಿಗಾಗಿ ಹುಡುಕಾಟ ಶುರುವಾಯಿತು.

"ನಮ್ಮ ಹುಡುಗಿ ಮಾಡ್ಯಾಳ, ನಾನಽ ಕಟಗೋತೀನಿ," ಎಂದು ಕಾಕಾ ಮುಂದೆ ಬಂದರು. ಬಂದವರು ಅಂಗಿಯ ಗುಂಡಿ ಬಿಚ್ಚಿ ನಿಂತುಬಿಟ್ಟರು. "ಆದ್ರ ಯವ್ವಾ, ಈ ಜಾಗಾ ಖಾಲಿ ಇಲ್ಲಲ್ಲ!"

ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಅದನ್ನು ತೆಗೆಯುವ ಮಾತೇ ಇಲ್ಲ. ತೆಗೆಯಿರಿ ಎನ್ನುವಷ್ಟು ಧೈರ್ಯ ನನಗೂ ಇಲ್ಲ. ಕೊನೆಗೆ ಕರಡಿಗೆಯ ಕೆಳಗೆ ನಾಲ್ಕು ಬೆರಳು ಬಿಟ್ಟು ಪಟ್ಟಿ ಕಟ್ಟುವುದೆಂದು ರಾಜಿಯಾಯಿತು. ಆದರೆ ಕಾಕಾ ಬಗ್ಗಿದಾಗಲೆಲ್ಲ ಕರಡಿಗೆ ಜಾರಿ ಪಟ್ಟಿಗೂ ಎದೆಗೂ ನಡುವೆ ಹೋಗಿ ಕೂರುತ್ತಿತ್ತು. ಕೂತದ್ದೇ ತಡ, ಪರದೆಯ ಮೇಲೆ ಬಡಿತ ಸೊನ್ನೆ! ಚುಕ್ಕೆ ಕೆಂಪಾಗಿ ಯಂತ್ರ ಬೊಬ್ಬೆ ಹಾಕುತ್ತಿತ್ತು.

"ಕಾಕಾ, ನಿಮ್ಮ ಎದಿ ನಿಂತದರೀ!" ಎಂದು ಮೊದಲ ದಿನ ಕಿರುಚಿಕೊಂಡು ಓಡಿದೆ.

"ನಿಂದ್ರಲಿ ಬಿಡವಾ, ಚಹಾ ಮುಗಿಸಿ ನೋಡೂಣು," ಎಂದರು ಬಸಿ ಎತ್ತುತ್ತ.

ಶೂ ಕಟ್ಟಲು ಬಗ್ಗಿದಾಗ ಒಂದು ಸಾವು, ಪೈಪು ಸುತ್ತುವಾಗ ಇನ್ನೊಂದು. ಠಾಣೆಯವರಿಗೆ ರೂಢಿಯಾಗಿಹೋಯಿತು. ಯಂತ್ರ ಕೂಗಿದರೆ ಯಾರೋ ಒಬ್ಬರು ತಲೆಯೆತ್ತದೆ, "ಕಾಕಾ ಹೋದ್ರು, ಲಿಂಗ ಸರಸ್ರಿ," ಎನ್ನುತ್ತಿದ್ದರು.

ಏಳನೆಯ ಸಾವು ಮಾತ್ರ ಅದ್ದೂರಿಯಾಗಿ ನಡೆಯಿತು. ರಜೆಯ ದಿನ ಕಾಕಾ ಪಟ್ಟಿ ಕಟ್ಟಿಕೊಂಡೇ ಕಮಲಾಪುರದ ನಮ್ಮ ಬಾಳೆತೋಟಕ್ಕೆ ಹೋದರು. ಇತ್ತ ಕಲಬುರಗಿಯಲ್ಲಿ ನನ್ನ ಪರದೆಯ ಮೇಲೆ ಬಡಿತ ಸೊನ್ನೆ, ಮೈ ತಣ್ಣಗೆ, ಅರ್ಧ ತಾಸು ಅಲುಗಾಟವೇ ಇಲ್ಲ. ಫೋನಿಗೆ ಉತ್ತರವಿಲ್ಲ. ಗಾಬರಿಯಾಗಿ ಊರಿನವರಿಗೆಲ್ಲ ಫೋನು ಮಾಡಿದೆ. ಅರ್ಧ ಕಮಲಾಪುರ ತೋಟಕ್ಕೆ ಓಡಿತು. ದೂರದೃಷ್ಟಿಯುಳ್ಳ ಒಬ್ಬರು ಹಾರವನ್ನೂ ತಂದಿದ್ದರಂತೆ! ನೋಡಿದರೆ ಪಟ್ಟಿಯನ್ನು ಬಾಳೆಗಿಡಕ್ಕೆ ಕಟ್ಟಿ ಕಾಕಾ ಬಾವಿಯಲ್ಲಿ ಈಜುತ್ತಿದ್ದಾರೆ.

"ನನ್ನ ಸಲುವಾಗಿ ಬಂದೀರಿ, ಬರಿಗೈಲೆ ಹೋಗಬ್ಯಾಡ್ರಿ," ಎಂದು ಒದ್ದೆ ಟವಲಿನಲ್ಲೇ ನಿಂತು, ಬಂದವರಿಗೆಲ್ಲ ಕೆಂಪು ಬಾಳೆಹಣ್ಣು ಹಂಚಿದರಂತೆ. ಹಾರವನ್ನು ಮಾತ್ರ ತಾವೇ ಹಾಕಿಕೊಂಡರು.

ಈ ಪಟ್ಟಿಯಿಂದ ನಿಜವಾದ ಲಾಭ ಪಡೆದವರು ನಮ್ಮ ಕಾಕು, ಅಂದರೆ ಕಾಕಾನ ಹೆಂಡತಿ. ಕಾಕಾಗೆ ಸಕ್ಕರೆ ಕಾಯಿಲೆ. ಕಾಕು ಒಂದು ಸಂಜೆ ನನ್ನ ಪಕ್ಕ ಬಂದು ಕೂತು, ಪರದೆಯ ಮೇಲೆ ಕಣ್ಣಿಟ್ಟು, ಠಾಣೆಯಲ್ಲಿದ್ದ ಗಂಡನಿಗೆ ಫೋನು ಹಚ್ಚಿದರು. "ಏನ್ರೀ, ಜಿಲೇಬಿ ತಿಂದ್ರೇನು?"

"ಇಲ್ಲ, ಮುಟ್ಟಿಲ್ಲ!" ಅತ್ತಲಿಂದ ಧ್ವನಿ. ಬಡಿತ ಎಪ್ಪತ್ತಾರರಿಂದ ನೂರಾನಾಲ್ಕಕ್ಕೆ ಹಾರಿತು.

"ಎಷ್ಟು ತಿಂದ್ರಿ?" ಎಂದರು ಕಾಕು, ಅಷ್ಟೇ ಶಾಂತವಾಗಿ. ಮೂವತ್ತು ವರ್ಷ ಬೆಂಕಿಗೆ ಅಂಜದ ಮನುಷ್ಯ ಅಲ್ಲಿಯೇ ಒಪ್ಪಿಕೊಂಡರು.

ಇದೆಲ್ಲ ನಗುವ ಮಾತಾಯಿತು. ಇನ್ನು ಕಲಬುರಗಿಯ ಅಂಚಿನ ಕಪನೂರಿನ ಮಾತು. ಅಲ್ಲಿ ಒಂದು ದಾಲ್ ಮಿಲ್ಲಿಗೆ ಮಧ್ಯಾಹ್ನ ಬೆಂಕಿ ಹತ್ತಿತು. ತೊಗರಿಯ ಹೊಟ್ಟು, ಗೋಣಿಚೀಲ. ಉರಿಗಿಂತ ಹೊಗೆಯೇ ಹೆಚ್ಚು. ನಾನೂ ಪರದೆ ಹಿಡಿದು ಠಾಣೆಯ ಅಧಿಕಾರಿಯ ಪಕ್ಕದಲ್ಲಿ ನಿಂತಿದ್ದೆ. ಒಬ್ಬ ಹಮಾಲ ಒಳಗೆ ಉಳಿದಿದ್ದಾನೆಂದು ಕೂಗೆದ್ದಿತು. ಕಾಕಾ ಮತ್ತು ಅವರ ಜೊತೆಗಾರ ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಜೊತೆಗಾರ ಹಮಾಲನನ್ನು ಹೆಗಲ ಮೇಲೆ ಹಾಕಿಕೊಂಡು ಹೊರಬಂದ. ಕಾಕಾ ಬರಲಿಲ್ಲ.

"ಉಸ್ತಾದ್ ನನ್ನ ಹಿಂದಽ ಇದ್ರು ಸಾಬ್!" ಎಂದ ಅವನು, ಮುಖವಾಡ ಕಿತ್ತು ತಿರುಗಿ ನೋಡುತ್ತ.

ಪರದೆಯ ಮೇಲೆ ಚುಕ್ಕೆ ಕೆಂಪಾಗಿ ಯಂತ್ರ ಕೂಗತೊಡಗಿತು. ಅಧಿಕಾರಿ ನನ್ನ ಹೆಗಲು ತಟ್ಟಿದರು. "ಅಂಜಬ್ಯಾಡ್ರಿ ಮೇಡಂ, ಅವರ ಪಟ್ಟಿ ಯಾವಾಗಲೂ ಹಂಗಽ. ಲಿಂಗ ಸರಿದಿರಬೇಕು. ಬರ್ತಾರ."

ಸೊನ್ನೆ ಇದ್ದಿದ್ದರೆ ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆ. ಆದರೆ ಅಂದು ಸೊನ್ನೆ ಇರಲಿಲ್ಲ. ನೂರಾ ಅರವತ್ತೆಂಟು ಇತ್ತು. ಎದೆ ಅಷ್ಟು ಜೋರಾಗಿ ಓಡುತ್ತಿದೆ, ಚುಕ್ಕೆ ಮಾತ್ರ ಒಂದು ಹೆಜ್ಜೆಯೂ ಕದಲುತ್ತಿಲ್ಲ!

"ಸಾಹೇಬ್ರ, ಇವತ್ತ ಸತ್ತಿಲ್ಲರೀ! ಅದಕ್ಕಽ ಅಂಜಿಕಿ ಬರಾಕತ್ತದ. ಕಾಕಾ ಎಲ್ಲ್ಯೋ ಸಿಕ್ಕೊಂಡಾರ, ಜಲ್ದಿ ಹೋಗ್ರೀ! ಎರಡನೇ ಗೋದಾಮು, ಎಡಗಡಿ ಗ್ವಾಡಿ!"

ಅಧಿಕಾರಿ ಒಂದು ಕ್ಷಣ ಪರದೆ ನೋಡಿದರು. ಮುಂದಿನ ಕ್ಷಣ ಮೂವರು ಒಳಗೆ ಓಡಿದರು. ಆಗತಾನೆ ಹೊರಬಂದಿದ್ದ ಜೊತೆಗಾರ ಎಲ್ಲರಿಗಿಂತ ಮುಂದಿದ್ದ. ನಾನು ಅಧಿಕಾರಿಯ ಕೈಯಿಂದ ವಾಕಿಟಾಕಿ ಕಸಿದುಕೊಂಡೆ. ಏನು ಹೇಳಬೇಕೆಂದು ತಿಳಿಯದೆ ಬಾಯಿಗೆ ಬಂದದ್ದನ್ನು ಕೂಗಿದೆ: "ಕಾಕಾ, ನೀವು ಕಾಣಾಕತ್ತೀರಿ! ನನಗ ಕಾಣಾಕತ್ತೀರಿ!" ಉತ್ತರ ಬರಲಿಲ್ಲ. ಆದರೂ ಕೂಗುತ್ತಲೇ ಇದ್ದೆ.

ಹೊರಗೆ ತಂದಾಗ ಕಾಕಾನ ಸಿಲಿಂಡರಿನಲ್ಲಿ ಗಾಳಿ ಮುಗಿಯುತ್ತ ಬಂದಿತ್ತು. ಚೀಲಗಳ ಥಪ್ಪಿ ಕುಸಿದು ಕಾಲೂ ಎರಡೂ ಕೈಗಳೂ ಅದರಡಿ ಸಿಕ್ಕಿದ್ದವು. ಕಾಲು ಮುರಿದಿತ್ತು, ಉಳಿದದ್ದೆಲ್ಲ ಉಳಿದಿತ್ತು. ನಾನು ಆ ಜೊತೆಗಾರನಿಗೆ ಕೈಮುಗಿದೆ, ಅಧಿಕಾರಿಗೆ ಕೈಮುಗಿದೆ, ನಾಚಿಕೆ ಬಿಟ್ಟು ಆ ಪಟ್ಟಿಗೂ ಕೈಮುಗಿದೆ. ಹುಡುಗಿಗೆ ಹತ್ತನೆಯ ತರಗತಿ ಸಾಕೆಂದು ಅಪ್ಪ ಹೇಳಿದಾಗ, ಕಮಲಾಪುರದಿಂದ ನನ್ನನ್ನು ಕರೆತಂದು ತಮ್ಮ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಇಟ್ಟುಕೊಂಡು ಓದಿಸಿದವರು ಕಾಕಾ. ಅವರು ಓದಿಸಿದ ಓದು ಅವರಿಗೇ ಉಪಯೋಗಕ್ಕೆ ಬಂತಲ್ಲ, ಅಷ್ಟೇ ಸಾಕು ನನಗೆ.

ಮೂರು ದಿನಗಳ ನಂತರ ಆಸ್ಪತ್ರೆಯಲ್ಲಿ ಅವರ ಮಂಚದ ಪಕ್ಕ ಕೂತು, ಪಟ್ಟಿಯಲ್ಲಿ ದಾಖಲಾದ ಬಡಿತದ ಗೆರೆಯನ್ನು ತೆರೆದೆ. ಚೀಲ ಕುಸಿದ ಗಳಿಗೆಯಲ್ಲಿ ಗೆರೆ ಮೇಲಕ್ಕೆ ನೆಗೆದಿತ್ತು. ಆಮೇಲೆ ಒಂದು ಕಡೆ ಮೆಲ್ಲಗೆ ಇಳಿಯತೊಡಗಿತ್ತು: ನೂರಾ ನಲವತ್ತು, ನೂರಾ ಇಪ್ಪತ್ತು, ನೂರು. ಆಗ ಇನ್ನೂ ಯಾರೂ ಅವರ ಬಳಿ ತಲುಪಿರಲಿಲ್ಲ. ಯಂತ್ರ ತಪ್ಪಿತೋ ಏನೋ ಎಂದು ಅನುಮಾನವಾಯಿತು.

"ಕಾಕಾ, ಮಂದಿ ಬರೂದ್ರಕಿಂತ ಮೊದಲಽ ನಿಮ್ಮ ಎದಿ ಹೆಂಗ ಸಾವಕಾಶ ಆತು?"

ಕಾಕಾ ಎರಡೂ ಕೈಯಿಂದ ಪ್ಲಾಸ್ಟರಿನ ಕಾಲನ್ನು ಸರಿಸಿಕೊಂಡರು.

"ವಾಕಿಟಾಕಿ ಒತ್ತಾಕ ಕೈ ಇರಲಿಲ್ಲವಾ, ಆದ್ರ ಕಿವಿಗಿ ಕೇಳಸ್ತಿತ್ತು. ಮೂವತ್ತು ವರ್ಷ ಹೊಗಿಯೊಳಗ ಹೋಗೀನಿ. ಒಮ್ಮಿ ಒಳಗ ಹೋದ್ರ ನಾವು ಯಾರಿಗೂ ಕಾಣೂದಿಲ್ಲ ಅಂತ ತಿಳಕೊಂಡಽ ಹೋಗೂದು. ಅವತ್ತ ಮೊದಲನೇ ಸಲ ಯಾರೋ 'ಕಾಣಾಕತ್ತೀರಿ' ಅಂದ್ರು."

ಇಷ್ಟು ಹೇಳಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ನಾನು ಪರದೆಯನ್ನು ಮುಚ್ಚಿಟ್ಟು ಅವರ ಕೈ ಹಿಡಿದುಕೊಂಡು ಕೂತೆ.